ಹಿಂದಿನ ಹಸಿರು

ಹುಚ್ಚಮ್ಮ ತನ್ನ ಮುಖವನ್ನು ನೋಡುತ್ತಿರಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಪಟದಲ್ಲಿ ತನ್ನ ಎಡಗಿವಿಯ ಆಚೆಗೆ ಏನಿದೆಯೆಂದು ಹುಡುಕುತ್ತಿದ್ದಳು. ಶಿಕಾರಿಪುರದ ಆ ಸಭಾಭವನದ ಗೋಡೆಗಳ ತುಂಬ ದುಡಿಯುವ ಹೆಂಗಸರ ಪಟಗಳು. ಸಸಿ ನೆಡುವವರು, ಜೋಳ ಮುರಿಯುವವರು, ಶುಂಠಿ ತೊಳೆಯುವವರು. ಬಾಗಿಲಿಗೆ ಎದುರಾಗಿ, ಎಲ್ಲಕ್ಕಿಂತ ದೊಡ್ಡದಾಗಿ ಇದ್ದದ್ದು ಅವಳದು. ತಲೆಯ ಮೇಲೆ ಭೂಮಿ ಹುಣ್ಣಿಮೆಯ ಬುಟ್ಟಿ. ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಅವಳೇ ಬರೆದ ಚಿತ್ತಾರದ ಗೆರೆ ಗೆರೆಯೂ ಎಣಿಸುವಂತಿತ್ತು. ಹಣೆಯ ಸುಕ್ಕೂ ಹಾಗೆಯೇ. ಕೆಳಗೊಂದು ಚೀಟಿ: 'ಅನ್ನದ ತಾಯಿ.'

"ತಂಗಿ, ಗದ್ದೆ ಎಲ್ಲೈತೆ?"

ಪಟ ತೆಗೆದ ಗಂಗಾಶ್ರೀ ಪಕ್ಕದಲ್ಲೇ ನಿಂತಿದ್ದಳು. ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ರಜೆ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಸುತ್ತಲ ತಾಲ್ಲೂಕುಗಳ ಹಳ್ಳಿ ಸುತ್ತುವವಳು. "ಹಿಂದೆ ಹಸಿರು ಕಾಣ್ತದಲ್ರೀ ಅಮ್ಮ, ಅದೇ ಗದ್ದೆ."

"ಇದಾ? ಕೆರೆ ಪಾಚಿನೂ ಹಿಂಗೇ ಕಾಣ್ತದೆ."

ಗಂಗಾಶ್ರೀ ನಕ್ಕಳು. "ಬೇಕಂತಲೇ ಮಸುಕು ಮಾಡ್ತೀವ್ರೀ. ಹಿಂದಿಂದೆಲ್ಲ ಕರಗಿದ್ರೆ ಮುಖ ಎದ್ದು ಬರ್ತದೆ."

"ಮುಖ ತಗಂಡು ನಾನೆಂತ ಮಾಡ್ಲಿ? ಸುಬ್ಬಪ್ಪನ ಪಂಪಿನ ಮನೆ ಇತ್ತಲ್ಲ ಇಲ್ಲಿ, ಅದೆಲ್ಲಿ ಹೋತು?" ಹುಚ್ಚಮ್ಮ ಗಾಜಿನ ಮೇಲೆ ಬೆರಳಿಟ್ಟಳು. ಅಲ್ಲಿ ಸುಣ್ಣ ಸಿಡಿದಂಥ ಒಂದು ಬಿಳಿ ಕಲೆ ಇತ್ತು. "ಬದು ಇಲ್ಲ, ಹೊಂಗೆ ಮರ ಇಲ್ಲ. ನಾಳೆ ಇದನ್ನ ತಗಂಡೋಗಿ ಸಾಹೇಬ್ರಿಗೆ ತೋರ್ಸಿದ್ರೆ ಅವರೇನು ನನ್ನ ಮೋರೆ ಅಳತೆ ಮಾಡ್ತಾರಾ?"

ಗಂಗಾಶ್ರೀಯ ನಗು ನಿಂತಿತು.

ಕುಬಟೂರಿನ ಕಡೆಯ ಆ ಒಂದೆಕರೆ ಹತ್ತು ಗುಂಟೆ ಬಗರ್‌ಹುಕುಂ ಜಮೀನು. ಹುಚ್ಚಮ್ಮನ ಗಂಡ ಮುಳ್ಳು ಕಡಿದು, ಕಲ್ಲು ಹೊತ್ತು, ಗದ್ದೆ ಮಾಡಿದ್ದು. ಸರ್ಕಾರಿ ನೆಲ ತನ್ನ ಹೆಸರಿಗಾಗಲೆಂದು ಸಾಗುವಳಿ ಚೀಟಿಗೆ ಅರ್ಜಿ ಹಾಕಿ, ಅದು ಕೈಗೆ ಬರುವ ಮುಂಚೆ ಅವನು ಹೋದ. ಮೂರು ವರ್ಷದಿಂದ ಉಳುವುದೊಂದು ಬಿಟ್ಟು ಉಳಿದದ್ದೆಲ್ಲ ಅವಳದೇ ಕೈ. ಈಗ ಮೈದುನ ಜಟ್ಟಪ್ಪ ತಕರಾರು ಹಾಕಿದ್ದ: ಅಣ್ಣ ಹೋದ ಮೇಲೆ ಗದ್ದೆ ಮಾಡುತ್ತಿರುವವನು ತಾನು, ಚೀಟಿ ತನಗೇ ಆಗಬೇಕು. ನಾಳೆ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಣೆ.

ನೋಡಿದವರು ಇರಲಿಲ್ಲವೆಂದಲ್ಲ. ಪಕ್ಕದ ಗದ್ದೆಯ ಮೂಕಮ್ಮ ಮೂರು ವರ್ಷವೂ ನೋಡಿದ್ದಳು. ಆದರೆ ಹುಚ್ಚಮ್ಮ ಸಾಕ್ಷಿ ಹೇಳೆಂದು ಕೇಳಲು ಹೋದಾಗ ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

"ಕಳೆ ಕಿತ್ತಿದ್ದು ಹೇಳಬಹುದು ಕಣೆ. ನೆಟ್ಟಿದ್ದು ಹೇಳಬಹುದು. ಅಷ್ಟಕ್ಕೆ ಬಿಡ್ತಾರಾ? ಹುಣ್ಣಿಮೆಗೆ ಚರಗ ಬೀರಿದ್ದು ಯಾರು ಅಂತ ಕೇಳ್ತಾರೆ. ಆಗ ಎಂತ ಹೇಳ್ಲಿ?"

"ನೋಡಿದ್ದು ಹೇಳು."

"ಬಸುರಿಗೆ ಬಯಕೆ ಉಣಿಸಕ್ಕೆ ಮುಂಡೆ ಕೈ ಹೋಗಿತ್ತು, ನಾನು ನೋಡಿ ಬಾಯ್ಮುಚ್ಚಿಕೊಂಡಿದ್ದೆ ಅಂತ ಹೇಳ್ಲಾ? ನಮ್ಮನೆ ಸೊಸೆಗೆ ಆರು ತಿಂಗಳು. ನಾಳೆ ಏನಾದ್ರೂ ಆದ್ರೆ ಊರು ನನ್ನೇ ಕೇಳ್ತದೆ ಮಾರಾಯ್ತಿ."

ಹುಣ್ಣಿಮೆಯ ಹೊತ್ತಿಗೆ ಬತ್ತ ಹಾಲು ತುಂಬಿ ನಿಲ್ಲುತ್ತದೆ. ಭೂಮಿ ಆಗ ಬಸುರಿ. ಬೆಳಕು ಹರಿಯುವ ಮೊದಲು ಬೆರಕೆ ಸೊಪ್ಪು, ಕಡುಬು, ಅನ್ನ ಬುಟ್ಟಿಯಲ್ಲಿ ಹೊತ್ತು, ಉಂಡು ಹೋಗು ತಾಯೇ ಎಂದು ಕೂಗುತ್ತ ಬೆಳೆಯ ಮೇಲೆ ಬೀರಬೇಕು; ಅದೇ ಚರಗ. ಯಾರು ಗದ್ದೆ ಮಾಡುತ್ತಾರೋ ಅವರೇ ಬೀರಬೇಕು. ಇನ್ನೊಬ್ಬರ ಗದ್ದೆಗೆ ಇನ್ನೊಬ್ಬರು ಬೀರುವಂತಿಲ್ಲ. ಅದು ಗಂಡಸಿನ ಕೆಲಸ. ಗಂಡ ಸತ್ತವಳಂತೂ ಆ ಬುಟ್ಟಿ ಮುಟ್ಟಬಾರದು. ಹುಚ್ಚಮ್ಮನಿಗೆ ಗಂಡುಮಕ್ಕಳಿಲ್ಲ. ಮೈದುನನನ್ನು ಕರೆದರೆ ಗದ್ದೆಯೇ ಅವನದಾಗುತ್ತದೆ. ಹಾಗೆಂದು ಬಸುರಿಯನ್ನು ಹಸಿದಿರಲು ಬಿಡುವುದೆಂತು? ಕೂಗಬೇಕಾದದ್ದನ್ನು ಪಿಸುಗುಟ್ಟಿ, ಮೂರು ವರ್ಷ ಅವಳೇ ಉಣಿಸಿ ಬಂದಿದ್ದಳು. ಈ ಸಲ ಪಟ ತೆಗೆಯುತ್ತೇನೆಂದು ಗಂಗಾಶ್ರೀ ಬಂದಾಗ ಬೇಡವೆನ್ನಲಿಲ್ಲ. ಊರು ನುಂಗಿಕೊಂಡ ಮಾತನ್ನು ಪಟ ಹೇಳೀತು ಎಂದುಕೊಂಡಿದ್ದಳು.

"ಬೇರೆ ಪಟ ಇದ್ದಾವಲ್ಲ ತಂಗಿ? ಟಕಟಕ ಅಂತ ಐವತ್ತು ತೆಗೆದ್ಯಲ್ಲ."

"ತೆಗೆದಿದ್ದೆ." ಗಂಗಾಶ್ರೀ ನೆಲ ನೋಡಿದಳು. "ಚೆನ್ನಾಗಿರೋದು ಒಂದು ಇಟ್ಕೊಂಡು ಉಳಿದವನ್ನ ಅಳಿಸಿಬಿಟ್ಟೆ. ಅವತ್ತೇ ಇನ್ನೆರಡು ಊರಿಗೆ ಹೋಗೋದಿತ್ತು, ಕಾರ್ಡಲ್ಲಿ ಜಾಗ ಇರಲಿಲ್ಲ." ಆಮೇಲೆ ತಲೆಯೆತ್ತಿ, "ನಾನೇ ಬರ್ತೀನಿ ನಾಳೆ. ಪಟಾನೂ ತರ್ತೀನಿ," ಎಂದಳು.

ಮರುದಿನ ಕಚೇರಿಯಲ್ಲಿ ಜಟ್ಟಪ್ಪ ಇಸ್ತ್ರಿ ಅಂಗಿ ತೊಟ್ಟು ಮೂವರು ಸಾಕ್ಷಿಗಳೊಂದಿಗೆ ಮೊದಲೇ ಬಂದಿದ್ದ. ಸಾಹೇಬರು ಪಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ನಮ್ಮಜ್ಜಿ ಹೀಗೇ ಇದ್ದರು," ಎಂದರು. ಆಮೇಲೆ ಕೇಳಿದರು: "ಜಮೀನೆಲ್ಲಿ?"

"ಹಸ್ರಾಗಿ ಐತಲ್ಲ ಸ್ವಾಮಿ, ಅದೇ."

"ಸಾರ್, ಮನೆ ಹಿಂದೆ ಅತ್ತಿಗೇದು ಒಂದು ತುಂಡು ಐತೆ," ಎಂದ ಜಟ್ಟಪ್ಪ. "ಅಲ್ಲಿ ನಿಂತು ತೆಗೆಸ್ಕಂಡಿರ್ಬೇಕು. ಗದ್ದೆಗೆ ಚರಗ ಬೀರಿದೋನು ನಾನು. ಗಂಡಿಲ್ಲದೋಳು ಭೂತಾಯಿಗೆ ಉಣಿಸಿದ್ರೆ ಊರು ಸುಮ್ನಿರ್ತಿತ್ತಾ? ಕೇಳಿ ಇವ್ರನ್ನ."

ಮೂರು ತಲೆಗಳು ಆಡಿದವು. ಅವರಲ್ಲಿ ಹಿರಿಯ, ಗುರುಮಲ್ಲಪ್ಪ, ಹುಚ್ಚಮ್ಮನ ಕಡೆ ಒಮ್ಮೆಯೂ ತಿರುಗಲಿಲ್ಲ.

ಸಾಹೇಬರು ಗಂಗಾಶ್ರೀಯ ಮುಂದೆ ನಕ್ಷೆ ಬಿಡಿಸಿದರು. "ಮೊಬೈಲಲ್ಲಿ ತೆಗೆದಿದ್ದರೆ ಜಾಗ ಗೊತ್ತಾಗ್ತಿತ್ತು."

"ದೊಡ್ಡ ಕ್ಯಾಮೆರಾ ಸರ್. ಅದರಲ್ಲಿ ಬರೋಲ್ಲ."

"ಹೋಗಲಿ, ನೀವು ಅಲ್ಲಿದ್ದಿರಲ್ಲ. ಈ ಸರ್ವೆ ನಂಬರಿನಲ್ಲೇ ತೆಗೆದದ್ದು ಅಂತ ಪ್ರಮಾಣ ಮಾಡಿ ಬರೆದು ಕೊಡ್ತೀರಾ?"

ಗಂಗಾಶ್ರೀ ನಕ್ಷೆಯ ಮೇಲೆ ಬಾಗಿದಳು. ಅಂದು ದಾರಿಯುದ್ದಕ್ಕೂ ಕತ್ತಲಿತ್ತು, ಮಂಜಿತ್ತು. ಮುಂದೆ ಹೋಗುವ ಬುಟ್ಟಿಯೊಂದನ್ನೇ ನೋಡುತ್ತ ಬದುವಿನ ಮೇಲೆ ಜಾರುತ್ತ ಹೋಗಿದ್ದಳು. ಕೆರೆ ಏರಿ ಹತ್ತಿದ್ದು ನೆನಪಿತ್ತು. ಎಡಕ್ಕೋ ಬಲಕ್ಕೋ ತಿರುಗಿದ್ದು ನೆನಪಿರಲಿಲ್ಲ. ಹುಚ್ಚಮ್ಮ ಅವಳ ಬಾಯನ್ನೇ ನೋಡುತ್ತಿದ್ದಳು. ಒಂದು 'ಹೌದು' ಸಾಕಿತ್ತು.

"ಅಮ್ಮ ಸುಳ್ಳು ಹೇಳೋರಲ್ಲ ಸರ್."

"ನಾನು ಕೇಳಿದ್ದು ಅದಲ್ಲ."

"ಪ್ರಮಾಣ ಮಾಡಿ ಹೇಳೋಕಾಗಲ್ಲ. ನಾನು ನೋಡಿದ್ದು..." ಅವಳು ನಕ್ಷೆಯನ್ನು ಹಿಂದಕ್ಕೆ ಸರಿಸಿದಳು. "ನಾನು ಮುಖ ನೋಡ್ತಿದ್ದೆ ಸರ್."

ಸಾಹೇಬರು ಬರೆಯತೊಡಗಿದರು. ಬರೆದು ಮುಗಿಸಿ, ಬೇಕಿದ್ದರೆ ಮೇಲಿನವರಿಗೆ ಅಪೀಲು ಹಾಕಬಹುದು ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ಅವರ ದನಿ ಮೆತ್ತಗಿತ್ತು. ಹುಚ್ಚಮ್ಮ ಕೈ ಮುಗಿದು ಹೊರಗೆ ಬಂದಳು.

ಮೆಟ್ಟಿಲ ಬಳಿ ಗಂಗಾಶ್ರೀ ಏನೋ ಹೇಳಲು ಬಾಯಿ ತೆರೆದಳು. "ಆಯ್ತು ಬಿಡು ತಂಗಿ," ಎಂದಳು ಹುಚ್ಚಮ್ಮ. "ಕಂಡಷ್ಟೇ ಹೇಳ್ದೆ."

"ಶನಿವಾರ ಪಟದಲ್ಲಿರೋರಿಗೆಲ್ಲ ಸನ್ಮಾನ ಇತ್ತು ಅಮ್ಮ. ನಿಮಗೇ ಮೊದಲು..."

"ಬರಲ್ಲ."

ಜಟ್ಟಪ್ಪ ಸಾಕ್ಷಿಗಳನ್ನು ಚಾ ಅಂಗಡಿಗೆ ಕಳಿಸಿ ಹತ್ತಿರ ಬಂದ. ಗೆದ್ದವನ ಮುಖವಾಗಿರಲಿಲ್ಲ ಅದು. ಉಣ್ಣುವಾಗ ಕಲ್ಲು ಸಿಕ್ಕವನಂತಿದ್ದ. ಅತ್ತಿತ್ತ ನೋಡಿ ಹೇಳಿದ: "ಅತ್ತಿಗೆ, ಸೋಮವಾರ ಕೊಯ್ಲು ಇಟ್ಕಂಡೀನಿ. ನೀನೂ ಬಾ. ಹೊಸಾ ಆಳುಗೋಳಿಗೆ ಆ ಗದ್ದೇಲಿ ಎಲ್ಲಿ ಕಾಲು ಹೂತ್ಕಂತದೆ, ಎಲ್ಲಿ ಗಟ್ಟಿ, ಏನೂ ಗೊತ್ತಾಗಲ್ಲ. ನಿಂಗಾದ್ರೆ ಗೊತ್ತು."

ಪಟವನ್ನು ಎದೆಗವಚಿಕೊಂಡು ನಿಂತಿದ್ದ ಗಂಗಾಶ್ರೀ ಆ ಮಾತು ಕೇಳಿ ಸರ್ರನೆ ತಿರುಗಿದಳು. ಕಚೇರಿಯ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು. ಒಳಗೆ ಆಗಲೇ ಬೇರೆಯವರ ಹೆಸರು ಕೂಗುತ್ತಿದ್ದರು.

ಹುಚ್ಚಮ್ಮ ಮೈದುನನನ್ನು ನೋಡಲಿಲ್ಲ. ಪಡುವಣಕ್ಕೆ ಮುಖ ಮಾಡಿ ನಿಂತಳು. ಕಟ್ಟಡಗಳ ಮೇಲೆ, ಈ ತಿಂಗಳಲ್ಲಿ ಬರಬಾರದ ಮೋಡವೊಂದು ಕಪ್ಪಗೆ ಎದ್ದಿತ್ತು.

"ಸೋಮವಾರದ ಗಂಟ ಕಾಯ್ಬ್ಯಾಡ," ಎಂದಳು. "ನಾಳೆನೇ ಹಾಕ್ಸು ಕತ್ತಿ. ಮೂಡ್ಲ ಮಗ್ಗಲಿಂದ. ಅಲ್ಲಿ ಕಾಳು ಉದುರಕ್ಕೆ ಬಂದೈತೆ."

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವಳು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಜಟ್ಟಪ್ಪ ನಾಲ್ಕು ಹೆಜ್ಜೆ ಹಿಂದೆ, ಅವಳು ನಡೆದಲ್ಲೇ ನಡೆಯತೊಡಗಿದ.