ಪುಟ್ಟಿಯ ನಿದ್ದೆಗೆ ಸಾಕ್ಷಿ

ನಲವತ್ತಾರು ತುಂಬಿದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಪುಸ್ತಕಕ್ಕೆ ರಟ್ಟು ಕಟ್ಟುವ ಅವಳ ಕೈ ಎಂಥದ್ದು ಅಂತೀರಿ! ಅವಳು ಕೆಲಸಕ್ಕಿದ್ದ ಬೈಂಡಿಂಗ್ ಅಂಗಡಿಯಲ್ಲಿ ಅಂಥ ಹೊಲಿಗೆ ಇನ್ನೊಬ್ಬರಿಗೆ ಬಾರದು. ಆದರೆ ಎಂಟಕ್ಕೆ ಬಾ ಎಂದರೆ ಹತ್ತೂವರೆಗೆ ಬರುತ್ತಿದ್ದಳು. ಬಂದವಳು ಅಂಟಿನ ಡಬ್ಬಿಯ ಮುಚ್ಚಳ ತೆಗೆದಿಟ್ಟು ಇನ್ನೇನೋ ಹುಡುಕಲು ಹೋಗುತ್ತಿದ್ದಳು, ಅಂಟು ಒಣಗುತ್ತಿತ್ತು. ಕೊನೆಗೆ ಮಾಲೀಕ ಹೇಳಿಯೇಬಿಟ್ಟ: "ರಾತ್ರಿ ನಿದ್ದೆ ಬರಲ್ಲ ಅಂತೀಯಲ್ಲ, ಡಾಕ್ಟರ ಚೀಟಿ ತಂದ್ರೆ ಹನ್ನೊಂದಕ್ಕೇ ಬಾರಮ್ಮ. ಇಲ್ಲಾಂದ್ರೆ ಮುಂದಿನ ತಿಂಗಳಿಂದ ಬರಬೇಡ."

ಡಾಕ್ಟರು ಎಡಿಎಚ್‌ಡಿ ಇರಬಹುದು ಎಂದರು. ಗಮನ ಒಂದೆಡೆ ನಿಲ್ಲದ ಈ ತೊಂದರೆ ಇರುವ ಎಷ್ಟೋ ಮಂದಿಗೆ ನಿದ್ದೆಯೂ ಹೊತ್ತಿಗೆ ಸರಿಯಾಗಿ ಹತ್ತುವುದಿಲ್ಲವಂತೆ. ಆದರೆ ಚಿಕ್ಕಂದಿನಿಂದಲೂ ಹೀಗೇ ಇತ್ತೆಂದು ಕಂಡವರೊಬ್ಬರು ಬರೆದುಕೊಡಬೇಕು. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಉಳಿದವಳು ಅಕ್ಕ ಒಬ್ಬಳೇ, ಅದೂ ನಿವೃತ್ತ ಹೆಡ್ ಮಿಸ್ಸು! "ಸೋಮಾರಿತನಕ್ಕೊಂದು ದೊಡ್ಡ ಹೆಸರು" ಅಂದುಬಿಟ್ಟರೆ ಮುಗಿಯಿತು ಕಥೆ.

ಭಾನುವಾರ ಮಧ್ಯಾಹ್ನ ಅಕ್ಕ ಕನ್ನಡಕ ಏರಿಸಿ ಡಾಕ್ಟರು ಕೊಟ್ಟಿದ್ದ ಫಾರಂ ಓದಿದಳು. "'ರಾತ್ರಿ ನಿದ್ದೆ ಹೇಗಿತ್ತು?' ನಿಂಗೆ ನಮ್ಮ ಮಂಚ ನೆನಪಿದ್ಯೇನೇ?"

ನೆನಪಿಲ್ಲದೆ ಏನು! ಇಬ್ಬರಿಗೂ ಒಂದೇ ಮಂಚ, ಒಂದೇ ಕಂಬಳಿ. ದೀಪ ಆರಿತೋ ಇಲ್ಲವೋ, ಪುಟ್ಟಿಯ ತಲೆಯೊಳಗೆ ಸಂತೆ ಶುರು. ಕಾಲಲ್ಲಿ ಗೋಡೆ ಹತ್ತುತ್ತಿದ್ದಳು, ಅಕ್ಕನ ಕಿವಿಯಲ್ಲಿ ಇಲ್ಲದ ರಾಣಿಯರ ಕಥೆ ಊದುತ್ತಿದ್ದಳು. "ಮಲಗೇ ತಾಯಿ" ಎನ್ನುತ್ತಲೇ ಅಕ್ಕ "ಆಮೇಲೆ?" ಎಂದೂ ಕೇಳುತ್ತಿದ್ದಳು. ಅಯ್ಯೋ, ಆ ಕಂಬಳಿಯ ಬಿಸುಪು ಮತ್ತೆಲ್ಲಿ ಸಿಕ್ಕಿತು! ಬೆಳಿಗ್ಗೆ ಮಾತ್ರ ಅಮ್ಮ ಮುಖಕ್ಕೆ ನೀರೆರಚಿ, "ಏಳೇ, ಕುಂಭಕರ್ಣನ ತಂಗಿ! ಅಕ್ಕನ್ನ ನೋಡಿ ಕಲಿ, ನಾಲ್ಕಕ್ಕೇ ಎದ್ದು ಓದ್ತಾಳೆ" ಎಂದು ಬೆನ್ನಿಗೆ ಎರಡು ಬಿಡುತ್ತಿದ್ದಳು.

ಅಕ್ಕ ಪೆನ್ನು ಕೆಳಗಿಟ್ಟಳು. "ನಾಲ್ಕಕ್ಕೆ ನನ್ನ ಎಬ್ಬಿಸ್ತಿದ್ದದ್ದು ಯಾರು, ಹೇಳು?"

"ನಾನೇ. ಹೇಗೂ ಎಚ್ಚರ ಇರ್ತಿದ್ನಲ್ಲ. ನಿನ್ನ ಎಬ್ಬಿಸಿದ ಮೇಲೇ ನಂಗೆ ಕಣ್ಣು ಎಳೀತಿತ್ತು."

"ಅಮ್ಮಂಗೆ ಅದು ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ನಿಂಗೆ ಏಟು ಬೀಳೋವಾಗ ಬಾಯಿ ಮುಚ್ಕೊಂಡು ಓದ್ತಾ ಕೂತಿದ್ದೆ. ಹೇಳಿದ್ರೆ ನಿನ್ನ ಬೇರೆ ಮಲಗಿಸ್ತಿದ್ರು. ಆಮೇಲೆ ನನ್ನ ಎಬ್ಬಿಸೋರು ಯಾರು?"

ಪುಟ್ಟಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ಅಳುವೂ ಬಂತು. "ಅಮ್ಮ ಸಾಯೋವರೆಗೂ ನನ್ನ ಸೋಮಾರಿ ಅಂತಾನೇ ಅಂದ್ಕೊಂಡಿದ್ಳಲ್ಲಕ್ಕ!"

ಅಕ್ಕ ಫಾರಂ ಹತ್ತಿರಕ್ಕೆ ಎಳೆದುಕೊಂಡಳು. ಪೆನ್ನು ಎತ್ತಿಕೊಂಡು ಬರೆಯತೊಡಗಿದಳು. ಕೊಟ್ಟ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋದಳು. ಆಮೇಲೆ, ತರಗತಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು:

"ನನ್ನ ತಂಗಿ ಸೋಮಾರಿಯಲ್ಲ. ಬೆಳಗಿನ ಜಾವ ನಾಲ್ಕರವರೆಗೆ ಅವಳಿಗೆ ನಿದ್ದೆ ಬಾರದ್ದನ್ನು ಐದು ವರ್ಷ ಕಂಡಿದ್ದೇನೆ. ಕಂಡೂ ನಮ್ಮ ತಾಯಿಗೆ ಹೇಳಲಿಲ್ಲ."

"ಕೊನೇ ಸಾಲು ಡಾಕ್ಟರಿಗೆ ಬೇಡಕ್ಕ," ಎಂದಳು ಪುಟ್ಟಿ, ಮೂಗು ಒರೆಸಿಕೊಳ್ಳುತ್ತ.

"ಇರಲಿ," ಎಂದು ಅಕ್ಕ ಅದರ ಕೆಳಗೇ ಸಹಿ ಹಾಕಿದಳು.