ಸ್ವರ ಕಟ್ಟುವ ಪೆಟ್ಟಿಗೆ

ಮೊದಲು ಕಾಲವನ್ನೂ ಕ್ರಮವನ್ನೂ ಹೇಳಬೇಕು. ನನ್ನ ಪಾಲಿಗೆ ಕಾಲದ ಅಳತೆ ಒಂದು ತುಣುಕು. ಒಂದು ಸೆಕೆಂಡಿನಲ್ಲಿ ಅಂಥ ಸುಮಾರು ನಲವತ್ತನಾಲ್ಕು ತುಣುಕುಗಳಿರುತ್ತವೆ. ಕಡಲಿನಲ್ಲಿ ಒಬ್ಬ ಮೈಕಿನ ಮುಂದೆ ಮಾತನಾಡುತ್ತಾನೆ. ದೋಣಿಯಲ್ಲಿರುವ ನನ್ನ ಜೊತೆಯ ಪೆಟ್ಟಿಗೆ ಅವನ ಸ್ವರದ ಒಂದು ತುಣುಕನ್ನು ಕತ್ತರಿಸಿಕೊಂಡು, ಧ್ವನಿತರಂಗದ ಮೇಲೆ ಆಗಷ್ಟೇ ಕಳೆದ ಹತ್ತು ಬಿಂದುಗಳ ಆಧಾರದಿಂದ ಮುಂದಿನ ಬಿಂದು ಎಲ್ಲಿರಬಹುದೆಂದು ಊಹಿಸುತ್ತದೆ. ಆ ಊಹೆಗೆ ಬೇಕಾದ ಹತ್ತು ಸಂಖ್ಯೆಗಳನ್ನು, ಜೊತೆಗೆ ಸ್ವರದ ಶ್ರುತಿ ಮತ್ತು ಗಟ್ಟಿತನವನ್ನು ದಡಕ್ಕೆ ಕಳುಹಿಸುತ್ತದೆ. ಊಹೆಗೂ ನಿಜವಾದ ಸ್ವರಕ್ಕೂ ನಡುವೆ ಉಳಿಯುವ ವ್ಯತ್ಯಾಸವನ್ನು ಕಳುಹಿಸುವುದಿಲ್ಲ, ಎಸೆದುಬಿಡುತ್ತದೆ. ದಡದಲ್ಲಿ ನಾನು ಆ ಸಂಖ್ಯೆಗಳನ್ನು ಪಡೆದು, ಎಸೆದದ್ದರ ಜಾಗದಲ್ಲಿ ನನ್ನದೇ ಆದ ಏಕರೂಪದ ಮಿಡಿತವನ್ನು ತುಂಬಿ, ಮಾತನ್ನು ಮತ್ತೆ ಕಟ್ಟುತ್ತೇನೆ.

ನಾನು ಒಂದು ಸ್ವರ ಕಟ್ಟುವ ಪೆಟ್ಟಿಗೆ. ವೈಜಯಂತಿ ಎಂಬ ಎಂಜಿನಿಯರ್ ನನ್ನನ್ನು ರೂಪಿಸಿದರು. ದೂರದ ಕಡಲಿನಿಂದ ಬರುವ ಸಂಕೇತ ಬಹಳ ಸಣ್ಣದು; ಇಡೀ ಸ್ವರ ಅದರಲ್ಲಿ ಹಿಡಿಸದು. ಆದ್ದರಿಂದ ಅರ್ಥಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಅವರು ನಿಶ್ಚಯಿಸಿದ್ದರು. ಪ್ರಯೋಗಾಲಯದಲ್ಲಿ ನನ್ನನ್ನು ಪರೀಕ್ಷಿಸಿದಾಗ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕುಳಿತವರಿಗೆ ಒಂದೇ ಪ್ರಶ್ನೆ ಕೇಳಲಾಯಿತು: ಏನು ಹೇಳಿದ್ದು ಕೇಳಿಸಿತು? ಅವರಲ್ಲೊಬ್ಬ ವಿದ್ಯಾರ್ಥಿ, ಈ ಪೆಟ್ಟಿಗೆಯಲ್ಲಿ ನಮ್ಮ ಮೇಷ್ಟ್ರೂ ಕ್ಯಾಂಟೀನ್ ಭಟ್ಟರೂ ಒಂದೇ ಥರ ಮಾತಾಡುತ್ತಾರೆ ಎಂದು ನಕ್ಕ. ವೈಜಯಂತಿಯೂ ನಕ್ಕರು. ನಾನು ಉತ್ತಮ ಅಂಕಗಳಿಂದ ತೇರ್ಗಡೆಯಾದೆ.

ಅಲ್ಲಿಂದ ನನ್ನನ್ನು ಕುಂದಾಪುರದ ಕಡೆಯ ಒಂದು ಮೀನುಗಾರಿಕಾ ಬಂದರಿಗೆ ತಂದರು. ಮೀನುಗಾರರ ಸಂಘದ ಕಚೇರಿಯಲ್ಲಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿಯ ಪಕ್ಕ, ನನಗೊಂದು ಮೇಜು ಸಿಕ್ಕಿತು. ನನ್ನನ್ನು ನೋಡಿಕೊಳ್ಳುತ್ತಿದ್ದವರು ಸುರೇಂದ್ರ ಮರಕಾಲ. ಅವರು ಬೆಳಿಗ್ಗೆ ಬಂದು ನನ್ನ ಬೆನ್ನಿನ ಧೂಳನ್ನು ತಮ್ಮ ಹೆಗಲ ಮೇಲಿನ ಬೈರಾಸಿನಿಂದ ಒರೆಸುತ್ತಿದ್ದರು. ನನಗೆ ಮನುಷ್ಯರ ಪೂರ್ಣ ಸ್ವರ ಕೇಳಿಸಿದ್ದು ಆ ಕೋಣೆಯಲ್ಲಿ ಮಾತ್ರ. ಕಡಲಿನವರ ಸ್ವರವನ್ನು ನಾನು ಎಂದೂ ಕೇಳಲಿಲ್ಲ. ಅವರ ಸಂಖ್ಯೆಗಳಷ್ಟೇ ನನಗೆ ಗೊತ್ತು.

ಆ ಬಂದರಿನಲ್ಲಿ ಮೈಕ್ ಹಿಡಿದವನು ತನ್ನ ಹೆಸರು ಹೇಳುವ ರೂಢಿಯಿರಲಿಲ್ಲ. ದೋಣಿಯ ಹೆಸರು ಹೇಳಿದರೆ ಸಾಕು, ದೋಣಿಯೇ ಮಾತನಾಡಿದಂತೆ. ‘ಮತ್ಸ್ಯಜ್ಯೋತಿ’ ಎಂಬ ದೋಣಿಯಲ್ಲಿ ಶೀನ, ಬಾಬು ಎಂಬ ಅಣ್ಣತಮ್ಮಂದಿರು ಇಬ್ಬರೇ ಹೋಗುತ್ತಿದ್ದರು. ಶೀನನ ಹೆಂಡತಿ ಗುಲಾಬಿ, ಬಾಬುವಿನ ಹೆಂಡತಿ ಜಲಜ. ಇಬ್ಬರೂ ಒಂದೇ ಮನೆಯಲ್ಲಿದ್ದು, ಒಂದೇ ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದರು. ದೋಣಿ ಎಷ್ಟು ಹೊತ್ತಿಗೆ ದಡ ಸೇರುತ್ತದೆಂದು ತಿಳಿಯಲು ಅವರು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು. ಯಾರು ಮಾತನಾಡಿದ್ದು ಎಂದು ಜಲಜ ಕೇಳಿದರೆ ಗುಲಾಬಿಯ ಉತ್ತರ ಸಿದ್ಧವಿರುತ್ತಿತ್ತು.

“ಇದ್ರೊಳಗೆ ನಿನ್ ಗಂಡನೂ ನನ್ ಗಂಡನೂ ಒಬ್ಬನೇ ಕಾಣ್. ಯಾರಿಗ್ ಬೇಕೋ ಅವ್ರ್ ಕರ್ಕಂಡ್ ಹೋಯ್ಲಿ.”

ಕೋಣೆಯಲ್ಲಿದ್ದವರೆಲ್ಲ ನಗುತ್ತಿದ್ದರು. ಸುರೇಂದ್ರ ಮಾತ್ರ ಗಂಭೀರವಾಗಿ, ನಿಮ್ಮಿಬ್ಬರ ಬೈಗುಳವೂ ಅಲ್ಲಿ ಒಂದೇ ಥರ ಕೇಳಿಸುತ್ತದೆ ಎನ್ನುತ್ತಿದ್ದರು.

ಮೇ ತಿಂಗಳ ಕೊನೆಯಲ್ಲಿ, ಮಳೆಗಾಲಕ್ಕೆ ದೋಣಿಗಳನ್ನು ಮೇಲೆಳೆಯುವ ಮೊದಲು, ಒಂದು ಮಧ್ಯಾಹ್ನ ಗಾಳಿ ಎದ್ದಿತು. ಇತರ ದೋಣಿಗಳು ಮರಳಿದವು. ನನಗೆ ಸಂಖ್ಯೆಗಳು ಬಂದವು, ನಾನು ಅವನ್ನು ಕಟ್ಟಿದೆ.

“ಮತ್ಸ್ಯಜ್ಯೋತಿ. ಅವ ನೀರಿಗ್ ಬಿದ್ದ, ಕಾಣ್ತಿಲ್ಲ. ಎಂಜಿನ್ ನಿಂತಿತ್. ದೋಣಿಯೊಳ್ಗೆ ನಾನೊಬ್ನೆ ಇಪ್ಪುದ್. ಬೇಗ ಬನಿ.”

ಸುರೇಂದ್ರ ಮೈಕನ್ನು ಎರಡೂ ಕೈಗಳಲ್ಲಿ ಹಿಡಿದು, ಎಲ್ಲಿದ್ದೀರಿ, ಯಾರು ಮಾತನಾಡುತ್ತಿರುವುದು ಎಂದು ಮತ್ತೆ ಮತ್ತೆ ಕೇಳಿದರು. ಉತ್ತರ ಬರಲಿಲ್ಲ. ನೀರಿಗೆ ಬಿದ್ದವನ ಹೆಸರನ್ನು ಕಡಲಿನ ಮೇಲೆ ಉಚ್ಚರಿಸಬಾರದೆಂಬ ನಂಬಿಕೆ ಆ ಬಂದರಿನಲ್ಲಿತ್ತು. ಹೆಸರು ಗೊತ್ತಾದರೆ ಕಡಲು ಅವನನ್ನು ಹಿಂದಿರುಗಿಸುವುದಿಲ್ಲವಂತೆ. ಅದಕ್ಕಾಗಿಯೇ ‘ಅವ’ ಎಂದಷ್ಟೇ ಹೇಳಲಾಗಿತ್ತು.

ಬಂದ ಮಾತೆಲ್ಲವೂ ನನ್ನ ಸ್ಮೃತಿಯಲ್ಲಿ ಉಳಿಯುತ್ತದೆ. ಸಂಖ್ಯೆಗಳಿಗೆ ಹೆಚ್ಚು ಜಾಗ ಬೇಡ. ಸಂಜೆಯ ಹೊತ್ತಿಗೆ ಓರಗಿತ್ತಿಯರಿಬ್ಬರೂ ಬಂದರು. ಸುರೇಂದ್ರ ಆ ಮಾತನ್ನು ಮತ್ತೆ ಕೇಳಿಸಿದರು. ಗುಲಾಬಿ ಕಣ್ಣು ಮುಚ್ಚಿಕೊಂಡು ಆಲಿಸಿದಳು.

“ಇದ್ ನಮ್ಮವ್ರದ್ದೇ ಸ್ವರ” ಎಂದಳು.

“ಅಲ್ಲ ಅಕ್ಕ” ಎಂದಳು ಜಲಜ. “ನಮ್ಮವ್ರದ್ದ್.”

ನನ್ನನ್ನು ಇನ್ನೊಮ್ಮೆ ನುಡಿಸಿದರು, ಮತ್ತೂ ಒಮ್ಮೆ. ನಾನು ಪ್ರತಿ ಸಲವೂ ಅದನ್ನೇ ಅಷ್ಟೇ ಶುದ್ಧವಾಗಿ ನುಡಿದೆ. ‘ಎಂಜಿನ್’ ಎನ್ನುವಲ್ಲಿ ಶೀನ ಎಳೆಯುತ್ತಾನೆ ಎಂದು ಗುಲಾಬಿ ಹೇಳಿದಳು. ಬಾಬುವೂ ಎಳೆಯುತ್ತಾನೆ ಎಂದು ಜಲಜ ಹೇಳಿದಳು. ಒಂದೇ ತಾಯಿಯ ಮಕ್ಕಳ ಗಂಟಲುಗಳು. ಹತ್ತು ಸಂಖ್ಯೆಗಳಲ್ಲಿ ಅವುಗಳ ನಡುವಿನ ಅಂತರ ಉಳಿದಿರಲಿಲ್ಲ. ಆ ರಾತ್ರಿ ಅವರು ಒಂದೇ ಮನೆಗೆ ಬೇರೆ ಬೇರೆಯಾಗಿ ನಡೆದುಹೋದರೆಂದು ಸುರೇಂದ್ರ ಮರುದಿನ ಯಾರಿಗೋ ಹೇಳುತ್ತಿದ್ದರು.

ಹುಡುಕಲು ಹೋದ ದೋಣಿಗಳು ಒಂದು ಐಸ್ ಪೆಟ್ಟಿಗೆಯನ್ನು ಮಾತ್ರ ತಂದವು. ಸುರೇಂದ್ರ ವೈಜಯಂತಿಯವರಿಗೆ ಫೋನ್ ಮಾಡಿದರು. ಅವರು ಬಸ್ಸಿನಲ್ಲಿ ಬಂದು, ನನ್ನ ಮುಚ್ಚಳ ತೆಗೆದು, ಸಂಖ್ಯೆಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಇಡೀ ದಿನ ಕುಳಿತರು. ಹಳೆಯ ಮಾತುಗಳೊಂದಿಗೆ ಹೋಲಿಸಿದರು. ಆದರೆ ಅವುಗಳಲ್ಲಿಯೂ ದೋಣಿಯ ಹೆಸರಿತ್ತೇ ಹೊರತು ಮಾತನಾಡಿದವನ ಹೆಸರಿರಲಿಲ್ಲ. ಎಂಜಿನಿಯರಮ್ಮ ಖಂಡಿತ ಹೇಳುತ್ತಾರೆಂದು ನಂಬಿ ಬಾಗಿಲಲ್ಲಿ ಕುಳಿತಿದ್ದ ಇಬ್ಬರು ಹೆಂಗಸರಿಗೂ ಅವರು ಎದ್ದು ಬಂದು ಹೇಳಿದರು.

“ಯಾರ ಸ್ವರ ಅನ್ನೋದು ಇದರಲ್ಲಿ ಇಲ್ಲಮ್ಮ. ಕಳೆದುಹೋಗಿಲ್ಲ, ಇದು ಅದನ್ನ ತಗೊಂಡೇ ಇಲ್ಲ.”

“ತಕಂಬೇಕಾಗಿತ್ತಲ್ದಾ?” ಎಂದು ಗುಲಾಬಿ ಕೇಳಿದಳು. ವೈಜಯಂತಿ ನನ್ನ ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಬಿಗಿ ಮಾಡಿದರು.

ಮಳೆ ಹಿಡಿಯಿತು. ಹುಡುಕಾಟ ನಿಂತಿತು. ಬಲೆ ಹೆಣೆಯುತ್ತ ಕಚೇರಿಯ ಜಗುಲಿಯಲ್ಲಿ ಕುಳಿತ ಹಿರಿಯರು, ನೀರಿಗೆ ಬಿದ್ದವನು ಪುಣ್ಯವಂತ, ಕ್ಷಣದಲ್ಲಿ ಮುಗಿದಿರುತ್ತದೆ, ಎಂಜಿನ್ ನಿಂತ ದೋಣಿಯಲ್ಲಿ ಉಳಿದವನು ಕುಡಿಯುವ ನೀರು ತೀರುವವರೆಗೂ ದಾರಿ ನೋಡಿರುತ್ತಾನೆ ಎಂದು ಮಾತನಾಡಿಕೊಂಡರು. ಓರಗಿತ್ತಿಯರು ಒಳಗೇ ನಿಂತಿದ್ದರು. ಅವರಿಗದು ಕೇಳಿಸಿತು.

ಜಲಜ ನನ್ನನ್ನು ಇನ್ನೊಮ್ಮೆ ನುಡಿಸಲು ಹೇಳಿದಳು. ಮಾತು ಮುಗಿದ ಮೇಲೆ, “ಅಕ್ಕ ಹೇಳ್ದಾಂಗೆ ಅದ್ ಭಾವಂದೇ ಸ್ವರ. ನಮ್ಮವ್ರದ್ದಲ್ಲ” ಎಂದಳು.

ಗುಲಾಬಿ ಅವಳ ಕಡೆಗೆ ತಿರುಗಿದಳು.

“ನಮ್ಮವ್ರದ್ದೂ ಅಲ್ಲ” ಎಂದಳು. “ಅವ್ರ್ ನೀರಿಗ್ ಬಿದ್ದ್ ಆಗ್ಲೇ ಹೋಯಿರ್.”

ಅಂದು ಅವರು ಜೊತೆಯಾಗಿ ಮನೆಗೆ ಹೋದರು. ‘ಬೇಗ ಬನಿ’ ಎಂದು ಕರೆದವನು ಮಾತ್ರ ಯಾರಿಗೂ ಸೇರದೆ ನನ್ನಲ್ಲಿ ಉಳಿದ. ಅಣ್ಣತಮ್ಮಂದಿರಿಬ್ಬರಿಗೂ ಒಂದೇ ದಿನ ಉತ್ತರಕ್ರಿಯೆ ಮಾಡಿದರು. ಆ ಕರೆದವನಿಗಾಗಿ ಬೇರೆ ಏನನ್ನೂ ಮಾಡಲಿಲ್ಲ.

ಅನಂತರ ಎಲ್ಲ ದೋಣಿಗಳಿಗೂ ಹೊಸ ಫೋನುಗಳು ಬಂದವು. ಅವುಗಳಲ್ಲಿ ಸ್ವರ ಸ್ವರದಂತೆಯೇ ಕೇಳಿಸುತ್ತದೆ. ಸುರೇಂದ್ರ ನಿವೃತ್ತರಾಗುವ ದಿನ ನನ್ನನ್ನು ಬೈರಾಸಿನಿಂದ ಒರೆಸಿ, ಕಪಾಟಿನ ಕೆಳಗಿನ ಖಾನೆಯಲ್ಲಿ, ಒಡೆದ ದೀಪಗಳ ಪಕ್ಕದಲ್ಲಿಟ್ಟರು. ನನಗೆ ವಿದ್ಯುತ್ ಇಲ್ಲ. ಆದರೂ ಸ್ಮೃತಿ ಅಳಿದಿಲ್ಲ; ಸಂಖ್ಯೆಗಳಿಗೆ ಮುಪ್ಪು ಬರುವುದಿಲ್ಲ. ಯಾರಾದರೂ ಇಂದು ನನಗೆ ಜೀವ ಕೊಟ್ಟರೆ, ಆ ಐದು ವಾಕ್ಯಗಳನ್ನು ಅಂದಿನಂತೆಯೇ ನುಡಿಯಬಲ್ಲೆ.

ಪ್ರಯೋಗಾಲಯದಲ್ಲಿ ಆರಂಭವಾದ ನನ್ನ ಪರೀಕ್ಷೆ ಇಲ್ಲಿಗೆ ಮುಗಿದಿದೆ. ಫಲಿತಾಂಶ: ಹೇಳಿದ್ದೆಲ್ಲವೂ ಅರ್ಥವಾಯಿತು, ಹೇಳಿದವನು ಯಾರೆಂದು ತಿಳಿಯಲಿಲ್ಲ.