ಗುರುಬಸಪ್ಪನವರು ಕಂಡ ಕಾಡು

ನಾನು ಒಂದು ರಸ್ತೆ ನಕ್ಷೆ. ಅಚ್ಚುಯಂತ್ರದಿಂದ ಹೊರಬಿದ್ದಾಗ ಮೇಜಿನಗಲ ಇದ್ದೆ. ಮಡಚಿ ಮಡಚಿ ಅಂಗೈಯಗಲ ಮಾಡಿದರು. ಮೊದಲು ಕೊಂಡವನು ಒಬ್ಬ ಲಾರಿ ಡ್ರೈವರ್. ರಿಪೇರಿಗೆ ಕೊಟ್ಟ ಅಂಗಿಯ ಜೇಬಿನಲ್ಲೇ ನನ್ನನ್ನು ಮರೆತ. ದರ್ಜಿ ವಾಪಸ್ ಕೊಡಹೋದರೆ, "ಇಟ್ಕೋರಿ ಮಾಸ್ತರ, ನನಗ ದಾರಿ ಬಾಯಿಪಾಠ" ಅಂದ. ಹೀಗೆ ನಾನು ಹುಬ್ಬಳ್ಳಿಯ ಗುರುಬಸಪ್ಪನವರ ಪಾಲಾದೆ.

ಮೂವತ್ತೈದು ವರ್ಷ ಅರಣ್ಯ ಇಲಾಖೆಯ ಗಾರ್ಡುಗಳಿಗೆ ಖಾಕಿ ಹೊಲಿದ ಈ ಮನುಷ್ಯ ಒಮ್ಮೆಯೂ ಕಾಡು ಕಂಡವರಲ್ಲ. ಈಗ ಕಣ್ಣು ಹೋಗುತ್ತಿದ್ದವು. "ಈ ಬ್ಯಾಸಗಿ ಕಂಡೀತು, ಮುಂದಿಂದು ಹೇಳಾಕಾಗೂದಿಲ್ಲ" ಅಂದಿದ್ದರು ಡಾಕ್ಟರು. ಟೀಚರಾಗಿರುವ ಮಗಳು ಕಸ್ತೂರಿಗೆ ಒಂದು ತಿಂಗಳು ರಜೆ, ಕಾರು ಅವಳೇ ಓಡಿಸುತ್ತಾಳೆ. ಗುರುಬಸಪ್ಪನವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನನ್ನನ್ನು ಹಾಸಿ, ಟೇಪು ಹಿಡಿದು, ಅಣಶಿ, ಕುದುರೆಮುಖ, ನಾಗರಹೊಳೆ, ಬಂಡೀಪುರಕ್ಕೆ ಪೆನ್ಸಿಲ್ ಗೆರೆ ಎಳೆದರು. ಬಗ್ಗಿದಾಗ ಅವರ ಮೂಗು ನನಗೆ ತಾಗುತ್ತಿತ್ತು.

ಎಡವಟ್ಟಾದದ್ದು ಆಮೇಲೆ. ಹೆಂಡತಿ ಮಹಾನಂದಾ ದಾರಿಯುದ್ದಕ್ಕೂ ಇರುವ ನೆಂಟರಿಗೆಲ್ಲ ಫೋನು ಹಚ್ಚಿಬಿಟ್ಟರು. "ಊರ ಮುಂದ ಹಾದು ಮನಿಗೆ ಹೋಗಲಿಲ್ಲಂದ್ರ ಏನ ತಿಳ್ಕೊಂಡಾರು?" ಶಿವಮೊಗ್ಗದ ಬೀಗರಿಗೆ ನಾಲ್ಕು ದಿನ, ಮೈಸೂರಿನ ಅಕ್ಕನಿಗೆ ಒಂದು ವಾರ, ನಡುವೆ ಎರಡು ಮದುವೆ. ಒಂದು ಮನೆ ಸೇರಿದರೆ ಒಂದು ಕಾಡು ಅಳಿಸಿಹೋಗುತ್ತಿತ್ತು. ರಬ್ಬರು ಉಜ್ಜಿ ಉಜ್ಜಿ ನನ್ನ ಮೈ ತೆಳ್ಳಗಾಯಿತು. ಬೇಡ ಅನ್ನಬೇಕೆನಿಸುತ್ತಿತ್ತು ನನಗೆ, ಆದರೆ ಕಾಗದದ ಮಾತು ಕೇಳುವವರು ಯಾರು? ಊರೂರು ಉಂಡು ಬರುವಷ್ಟರಲ್ಲಿ ಗುರುಬಸಪ್ಪನವರ ಕಣ್ಣು ಇನ್ನಷ್ಟು ಮಂಜಾಯಿತು.

ರಜೆಯ ಕೊನೆಯ ದಿನ ಉಳಿದದ್ದು ಅಣಶಿಯೊಂದೇ. ಅದಕ್ಕೂ ಮುಂಚೆ ದಾಂಡೇಲಿಯಲ್ಲಿ ಸೋದರತ್ತೆಯ ಮಗನ ಮನೆ. ಹೋಳಿಗೆ ಇನ್ನೂ ಬೇಯುತ್ತಲೇ ಇತ್ತು, ಹೊತ್ತು ಇಳಿಯುತ್ತಿತ್ತು. ಗುರುಬಸಪ್ಪನವರು ಎಲೆಯ ಮುಂದಿನಿಂದ ಎದ್ದುಬಿಟ್ಟರು.

"ನನಗ ಹೋಳಿಗಿ ಬ್ಯಾಡ. ನನಗ ಕಾಡು ತೋರಸ್ರಿ" ಎಂದು ಎಲ್ಲರೆದುರಿಗೇ ಅತ್ತರು.

ಕಸ್ತೂರಿ ಜೋರಾಗಿಯೇ ಓಡಿಸಿದಳು. ಆದರೂ ಅಷ್ಟರಲ್ಲಿ ಕಾಡಿನ ಗೇಟು ಮುಚ್ಚಿತ್ತು. ರಸ್ತೆ ಬದಿಯಲ್ಲಿ ಇಳಿದು ಗುರುಬಸಪ್ಪನವರು ಮುಖ ಎತ್ತಿ ನಿಂತರು.

"ಹಸರು ಐತೇನ?"

ತೇಗದ ಮರಗಳು ಬಿಸಿಲಿಗೆ ಎಲೆ ಉದುರಿಸಿ ಬೋಳಾಗಿ ನಿಂತಿದ್ದವು.

"ಹೂಂರೀ, ಎಲ್ಲಾ ಹಸರ ಐತಿ" ಅಂದರು ಮಹಾನಂದಾ, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಈಗ ನಾನು ಹೊಲಿಗೆ ಮಷಿನ್ನಿನ ಖಾನೆಯಲ್ಲಿದ್ದೇನೆ, ಮಡಿಕೆಗಳೆಲ್ಲ ಹರಿದಿವೆ. ನನ್ನ ಮೇಲೂ ಕಾಡು ವರ್ಷವಿಡೀ ಹಸಿರೇ, ಹಾಗಾಗಿ ಆಕೆಯನ್ನು ಅನ್ನುವ ಬಾಯಿ ನನಗಿಲ್ಲ. ಮನೆಗೆ ಬಂದವರಿಗೆಲ್ಲ ಗುರುಬಸಪ್ಪನವರು ತಾವು ಕಂಡ ಆ ಹಸಿರನ್ನು ಬಣ್ಣಿಸುತ್ತಾರೆ. ಮಾತು ಶುರುವಾದ ಕೂಡಲೇ ಮಹಾನಂದಾ ಎದ್ದು ಅಡುಗೆಮನೆಗೆ ಹೋಗುತ್ತಾರೆ.